ಬಾಯಿ ಬಿಗಿಸುವ ಅಡಿಕೆ: ಒಂದು ತಡೆ ಪ್ರೊಟೀನಿನ ಪಾತ್ರ

ನಿಮ್ಮ ಮನೆಯಲ್ಲಿ ಇಪ್ಪತ್ತು, ಇಪ್ಪತ್ತೈದರ ಹರೆಯದ ಮಗನೋ ತಮ್ಮನೋ ಇದ್ದಾನೆಯೇ? ಅವನು ಊಟಕ್ಕೆ ಕುಳಿತಾಗ ಒಮ್ಮೆ ಗಮನಿಸಿ. ಮೊದಲು ಇಷ್ಟಪಟ್ಟು ತಿನ್ನುತ್ತಿದ್ದ ಚಟ್ನಿಪುಡಿಯನ್ನು ಈಗ ಬದಿಗೆ ಸರಿಸುತ್ತಾನೆಯೇ? ಸಾರು ಬಾಯಿಗೆ ಬಿದ್ದೊಡನೆ ಉರಿ ಎಂದು ನೀರಿನ ಲೋಟಕ್ಕೆ ಕೈ ಹಾಕುತ್ತಾನೆಯೇ? ರೊಟ್ಟಿಯ ತುತ್ತನ್ನು ಚಿಕ್ಕದಾಗಿ ಮುರಿದು ಕಷ್ಟಪಟ್ಟು ಒಳಗೆ ತಳ್ಳುತ್ತಾನೆಯೇ? ಹೌದು ಎಂದಾದರೆ ಅದನ್ನು ಹೊಟ್ಟೆಯ ಉಷ್ಣ ಎಂದೋ ಜೀವಸತ್ವದ ಕೊರತೆಯಿಂದಾದ ಬಾಯಿಹುಣ್ಣು ಎಂದೋ ತಳ್ಳಿಹಾಕಬೇಡಿ. ಅವನ ಅಂಗಿಯ ಜೇಬಿನಲ್ಲಿ ಏನಿದೆ ಎಂದು ನೋಡಿ. ಅಡಿಕೆ ಹೋಳೋ ಪಾನ್ ಮಸಾಲೆಯ ಪೊಟ್ಟಣವೋ ಸಿಕ್ಕರೆ ಈ ಲೇಖನವನ್ನು ಅವನೂ ಓದುವಂತೆ ಮಾಡಿ.

ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರುಗಳಲ್ಲಿ ಅಡಿಕೆಯ ವಿಷಯ ಬರೆಯುವುದು ಸುಲಭವಲ್ಲ. ಇಲ್ಲಿ ಮನೆ ಕಟ್ಟಿಸಿದ್ದು, ಮಕ್ಕಳನ್ನು ಕಾಲೇಜಿಗೆ ಸೇರಿಸಿದ್ದು, ಮಗಳ ಮದುವೆ ಮಾಡಿದ್ದು ಎಲ್ಲವೂ ಅಡಿಕೆಯಿಂದ. ಅಂಗಳದಲ್ಲಿ ಹರಡಿದ ಕೆಂಪಡಿಕೆಯನ್ನು ಕಂಡರೆ ಯಾರಿಗಾದರೂ ಮನಸ್ಸು ತುಂಬುತ್ತದೆ. ಆದರೆ ಬೆಳೆಯುವುದು ಬೇರೆ, ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ವೈದ್ಯನಾಗಿ ನಾನು ಹೇಳಬೇಕಾಗಿರುವುದು ಎರಡನೆಯದರ ಬಗ್ಗೆ.

ಏನಿದು ಕಾಯಿಲೆ?

ಈ ಕಾಯಿಲೆಯ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಕನ್ನಡದಲ್ಲಿ ಬಾಯಿಯ ಒಳಪೊರೆಯ ನಾರುಗಟ್ಟುವಿಕೆ ಎನ್ನಬಹುದು. ಕೆನ್ನೆಯ ಒಳಭಾಗ, ತುಟಿ, ನಾಲಿಗೆ ಮತ್ತು ಅಂಗಳಿನ ತೆಳುವಾದ ಲೋಳೆಪೊರೆಯ ಕೆಳಗೆ ಗಟ್ಟಿಯಾದ ನಾರು ತುಂಬಿಕೊಳ್ಳುತ್ತದೆ. ಮೊದಲು ಉರಿ, ಸಣ್ಣ ಬೊಬ್ಬೆಗಳು. ಆಮೇಲೆ ಗುಲಾಬಿ ಬಣ್ಣದ ಪೊರೆ ಬಿಳಿಚಿಕೊಂಡು ಅಮೃತಶಿಲೆಯ ಹಾಗೆ ಕಾಣತೊಡಗುತ್ತದೆ. ಬೆರಳಿನಿಂದ ಮುಟ್ಟಿದರೆ ಕೆನ್ನೆಯೊಳಗೆ ಹಗ್ಗದಂಥ ಪಟ್ಟಿಗಳು ಸಿಗುತ್ತವೆ. ಬಾಯಿ ತೆರೆಯುವುದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಸಿಳ್ಳೆ ಹಾಕಲು ಆಗದು, ಬಲೂನು ಊದಲು ಆಗದು, ನಾಲಿಗೆ ಹೊರಚಾಚಲು ಆಗದು. ನಾರು ಗಂಟಲಿನವರೆಗೆ ಹಬ್ಬಿದರೆ ನುಂಗುವುದು ಕಷ್ಟ, ಕಿವಿ ಮುಚ್ಚಿಕೊಂಡಂತಾಗುವುದೂ ಉಂಟು.

1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಆಫ್ರಿಕದ ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಿ ವರದಿ ಮಾಡಿದರು. ಮರುವರ್ಷ, 1953ರಲ್ಲಿ, ಮುಂಬಯಿಯ ಡಾ. ಜೋಶಿಯವರು ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರಿಟ್ಟರು. ಖಾರ ಹೆಚ್ಚು ತಿನ್ನುವುದೇ ಕಾರಣ ಎಂದು ಕೆಲಕಾಲ ಭಾವಿಸಿದ್ದುಂಟು. ಮುಖ್ಯ ಕಾರಣ ಅಡಿಕೆ ಎಂಬುದರಲ್ಲಿ ಇಂದು ಅನುಮಾನವಿಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕೈ ಸುಟ್ಟರೆ ಗಾಯ ಮಾಯುತ್ತದೆ, ಕಲೆಯೂ ಕ್ರಮೇಣ ಮೆತ್ತಗಾಗುತ್ತದೆ. ಬಾಯಿಯೊಳಗೆ ಸೇರಿದ ಈ ನಾರು ಮಾತ್ರ ಏಕೆ ಕರಗುವುದಿಲ್ಲ?

ಕಟ್ಟುವವರು, ಕೆಡಹುವವರು

ನಮ್ಮ ಚರ್ಮ, ಮೂಳೆ, ಸ್ನಾಯುಬಂಧ, ಲೋಳೆಪೊರೆ ಎಲ್ಲಕ್ಕೂ ಬಿಗಿ ಕೊಡುವ ನಾರಿನ ಹೆಸರು ಕೊಲ್ಲಾಜೆನ್. ದೇಹದಲ್ಲಿ ಅತ್ಯಂತ ಹೆಚ್ಚು ಪ್ರಮಾಣದಲ್ಲಿರುವ ಪ್ರೊಟೀನು ಇದೇ. ಇದನ್ನು ನೇಯುವ ಜೀವಕೋಶಗಳಿಗೆ ಫೈಬ್ರೋಬ್ಲಾಸ್ಟ್ ಎನ್ನುತ್ತಾರೆ. ಹಳೆಯ ನಾರನ್ನು ತೆಗೆಯುವುದು, ಹೊಸದನ್ನು ಹೆಣೆಯುವುದು, ಎರಡೂ ಬಿಡುವಿಲ್ಲದೆ ನಡೆದಿರುತ್ತವೆ.

ಹಳೆಯ ನಾರನ್ನು ಕತ್ತರಿಸುವ ಕೆಲಸ ಕೊಲ್ಲಾಜಿನೇಸ್ ಎಂಬ ಕಿಣ್ವದ್ದು. ಇದು ಪತ್ತೆಯಾದ ಬಗೆ ಸ್ವಾರಸ್ಯಕರ. ಗೊದಮೊಟ್ಟೆ ಬೆಳೆದು ಕಪ್ಪೆಯಾಗುವಾಗ ಅದರ ಬಾಲ ಕೆಲವೇ ದಿನಗಳಲ್ಲಿ ಮಾಯವಾಗುವುದನ್ನು ನೀವು ನೋಡಿರಬಹುದು. ಬಾಲದ ನಾರು ಎಲ್ಲಿ ಹೋಯಿತು? 1962ರಲ್ಲಿ ಅಮೆರಿಕದಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬ ಇಬ್ಬರು ವಿಜ್ಞಾನಿಗಳು ಗೊದಮೊಟ್ಟೆಯ ಬಾಲದಿಂದಲೇ ಈ ಕಿಣ್ವವನ್ನು ಪತ್ತೆಹಚ್ಚಿದರು. ಹಗ್ಗದಂತೆ ಹುರಿಗೊಂಡ ಕೊಲ್ಲಾಜೆನ್ ಎಳೆಯನ್ನು ಅದು ಒಂದು ನಿಶ್ಚಿತ ಜಾಗದಲ್ಲಿ ಕತ್ತರಿಸುತ್ತದೆ. ಮುಕ್ಕಾಲು ಭಾಗದ ಒಂದು ತುಂಡು, ಕಾಲು ಭಾಗದ ಇನ್ನೊಂದು ತುಂಡು. ಒಮ್ಮೆ ತುಂಡಾಯಿತೆಂದರೆ ಉಳಿದ ಕಿಣ್ವಗಳು ಸೇರಿ ಅದನ್ನು ಜೀರ್ಣಿಸಿಬಿಡುತ್ತವೆ. ಆಮೇಲೆ ಮನುಷ್ಯರಲ್ಲಿಯೂ ಇದೇ ಕುಟುಂಬದ ಇಪ್ಪತ್ತಕ್ಕೂ ಹೆಚ್ಚು ಕಿಣ್ವಗಳು ಪತ್ತೆಯಾದವು. ಇವುಗಳ ನಡುಭಾಗದಲ್ಲಿ ಸತುವಿನ ಒಂದು ಅಣುವಿರುತ್ತದೆ. ಕತ್ತರಿಯ ಅಲಗು ಇದೆಂದು ತಿಳಿಯಿರಿ.

ಟಿಂಪ್ ಎಂಬ ತಡೆ

ಕತ್ತರಿಯನ್ನು ತಡೆಯಿಲ್ಲದೆ ಬಿಟ್ಟರೆ ಅದು ಬೇಕಾದ್ದನ್ನೂ ಬೇಡವಾದ್ದನ್ನೂ ಕತ್ತರಿಸುತ್ತದೆ. ಆದ್ದರಿಂದ ದೇಹವೇ ಅದಕ್ಕೊಂದು ತಡೆಯನ್ನೂ ತಯಾರಿಸಿಕೊಂಡಿದೆ. ಇಂಥ ತಡೆಗಳನ್ನು ಕಿಣ್ವ ಪ್ರತಿಬಂಧಕಗಳು ಎನ್ನುತ್ತಾರೆ.

ಈ ಮಾತು ನಿಮಗೆ ಹೊಸದೆನಿಸಿದರೂ ವಸ್ತು ಹೊಸದಲ್ಲ. ಹುರುಳಿ, ಅವರೆ, ಸೋಯಾಗಳಲ್ಲಿ ನಮ್ಮ ಜೀರ್ಣಕಿಣ್ವವನ್ನು ತಡೆಯುವ ಪ್ರೊಟೀನುಗಳಿವೆ. ಅವನ್ನು ನಾವು ಹಸಿಯಾಗಿ ತಿನ್ನದೆ ಬೇಯಿಸಿ ತಿನ್ನುತ್ತೇವೆ. ಬೇಯಿಸಿದಾಗ ಆ ತಡೆಯ ಶಕ್ತಿ ಬಹುಮಟ್ಟಿಗೆ ಇಳಿಯುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ರಕ್ತದೊತ್ತಡಕ್ಕೆ ಎನಾಲಪ್ರಿಲ್ ಅಥವಾ ರಾಮಿಪ್ರಿಲ್ ಮಾತ್ರೆ ನುಂಗುತ್ತಿದ್ದರೆ ಅವೂ ಒಂದು ಕಿಣ್ವವನ್ನು ತಡೆಯುವ ಔಷಧಗಳೇ.

ಕೊಲ್ಲಾಜಿನೇಸ್ ಕುಟುಂಬವನ್ನು ತಡೆಯುವ ಪ್ರೊಟೀನಿಗೆ ವಿಜ್ಞಾನಿಗಳು ಚುಟುಕಾಗಿ ಟಿಂಪ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ದೇಹದಲ್ಲಿ ಇದರ ನಾಲ್ಕು ಬಗೆಗಳಿವೆ. ಮೊದಲನೆಯದಾದ ಟಿಂಪ್-1ರಲ್ಲಿ 184 ಅಮೈನೋ ಆಮ್ಲಗಳ ಸರಪಳಿಯಿದೆ. ಆರು ಗಂಧಕದ ಕೊಂಡಿಗಳು ಅದನ್ನು ಗಟ್ಟಿಯಾಗಿ ಮಡಚಿ ಹಿಡಿದಿವೆ. ಒಂದು ಟಿಂಪ್ ಒಂದು ಕಿಣ್ವವನ್ನು ಹಿಡಿಯುತ್ತದೆ. ಸತುವಿನ ಅಲಗಿಗೇ ಬೆಣೆಯಂತೆ ಸಿಕ್ಕಿಕೊಂಡು ಕತ್ತರಿ ಆಡದಂತೆ ಮಾಡುತ್ತದೆ.

ಚನ್ನಗಿರಿ ಕಡೆಯ ರೈತರಿಗೆ ಸೂಳೆಕೆರೆಯ ತೂಬು ಗೊತ್ತು. ಕೆರೆಗೆ ಎಷ್ಟು ನೀರು ಬರುತ್ತದೆ, ತೂಬಿನಿಂದ ಎಷ್ಟು ಹೋಗುತ್ತದೆ ಎಂಬುದರ ಮೇಲೆ ನೀರಿನ ಮಟ್ಟ ನಿಲ್ಲುತ್ತದೆ. ಕೊಲ್ಲಾಜೆನ್ ಕೆರೆಯ ನೀರಾದರೆ, ಕೊಲ್ಲಾಜಿನೇಸ್ ತೂಬು, ಟಿಂಪ್ ಆ ತೂಬಿನ ಬಿರಡೆ. ಬಿರಡೆಯೇ ಇಲ್ಲದಿದ್ದರೆ ಕೆರೆ ಬರಿದಾಗುತ್ತದೆ. ಸಂಧಿವಾತದಲ್ಲಿ ಕೀಲಿನ ಮೃದ್ವಸ್ಥಿ ಸವೆಯುವಾಗ, ವಸಡಿನ ರೋಗದಲ್ಲಿ ಹಲ್ಲಿನ ಬುಡ ಸಡಿಲವಾಗುವಾಗ ಆಗುವುದು ಇಂಥದ್ದೇ. ಬಿರಡೆ ಬಿಗಿದು ಕುಳಿತರೆ ನೀರು ಏರುತ್ತದೆ. ಬಾಯಿಯ ನಾರುಗಟ್ಟುವಿಕೆಯಲ್ಲಿ ಆಗುವುದು ಇದು.

ಅಡಿಕೆ ಮಾಡುವುದೇನು?

ಅಡಿಕೆಯಲ್ಲಿ ಅರೆಕೊಲೀನ್ ಎಂಬ ಸಸ್ಯಕ್ಷಾರವಿದೆ. ಅಡಿಕೆ ಜಗಿದಾಗ ಮೈ ಬಿಸಿಯಾಗುವುದು, ಒಂದು ಬಗೆಯ ಲವಲವಿಕೆ ಬರುವುದು, ಬಿಟ್ಟರೆ ಮತ್ತೆ ಬೇಕೆನಿಸುವುದು ಮುಖ್ಯವಾಗಿ ಇದರಿಂದ. ಇದು ಲೋಳೆಪೊರೆಯೊಳಗೆ ಇಳಿದು ಫೈಬ್ರೋಬ್ಲಾಸ್ಟ್‌ಗಳನ್ನು ಕೆರಳಿಸುತ್ತದೆ. ಅವು ಹೆಚ್ಚು ಕೊಲ್ಲಾಜೆನ್ ಹೆಣೆಯುತ್ತವೆ. ಕೆರೆಗೆ ಬರುವ ನೀರು ಹೆಚ್ಚಾಯಿತು ಎಂದಾಯಿತು.

ಎರಡನೆಯದು ಅಡಿಕೆಯ ಒಗರು. ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ಚೊಗರನ್ನು ನೀವು ಬಲ್ಲಿರಿ. ಅದರಲ್ಲಿರುವುದು ಟ್ಯಾನಿನ್. ತಂಗಡಿ ಗಿಡದ ತೊಗಟೆಯಿಂದ ಹಸಿ ತೊಗಲನ್ನು ಹದ ಮಾಡುವುದು ನಮ್ಮ ನಾಡಿನ ಹಳೆಯ ಕಸುಬು. ತೊಗಟೆಯ ಟ್ಯಾನಿನ್ ತೊಗಲಿನ ಕೊಲ್ಲಾಜೆನ್‌ಗೆ ಅಂಟಿಕೊಂಡರೆ ಅದು ಕೊಳೆಯುವುದಿಲ್ಲ, ಕಿಣ್ವಗಳಿಗೂ ಬಗ್ಗುವುದಿಲ್ಲ. ಅಡಿಕೆ ಜಗಿಯುವವರ ಕೆನ್ನೆಯಲ್ಲಿಯೂ ಒಂದು ಮಟ್ಟಿಗೆ ಇದೇ ನಡೆಯುತ್ತದೆ. ಜೊತೆಗೆ ಅಡಿಕೆಯಲ್ಲಿ ತಾಮ್ರದ ಅಂಶ ಹೆಚ್ಚು. ನಾರಿನ ಎಳೆಗಳ ನಡುವೆ ಗಂಟು ಹಾಕುವ ಇನ್ನೊಂದು ಕಿಣ್ವ ತಾಮ್ರ ಸಿಕ್ಕಷ್ಟೂ ಚುರುಕಾಗುತ್ತದೆ. ಗಂಟು ಹೆಚ್ಚಾದಷ್ಟೂ ನಾರು ಗಟ್ಟಿ.

ಮೂರನೆಯದೇ ನಮ್ಮ ಟಿಂಪ್. ಅರೆಕೊಲೀನ್ ಸೋಕಿದ ಫೈಬ್ರೋಬ್ಲಾಸ್ಟ್‌ಗಳು ಟಿಂಪ್-1ನ್ನು ಹೆಚ್ಚಾಗಿ ಉತ್ಪಾದಿಸುವುದನ್ನು ತೈವಾನ್‌ನ ವಿಜ್ಞಾನಿಗಳು 2000ದ ನಂತರದ ವರ್ಷಗಳಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ತೈವಾನ್‌ನಲ್ಲಿಯೂ ಅಡಿಕೆ ಜಗಿಯುವವರು ಬಹಳ. ರೋಗಿಗಳ ಬಾಯಿಯಿಂದ ತೆಗೆದ ಚೂರಿನಲ್ಲಿಯೂ ಆರೋಗ್ಯವಂತರಿಗಿಂತ ಹೆಚ್ಚು ಟಿಂಪ್-1 ಕಂಡುಬಂದಿದೆ.

ಬರುವುದು ಹೆಚ್ಚು, ಬಂದದ್ದು ಗಟ್ಟಿ, ಹೋಗುವ ದಾರಿ ಬಂದ್. ಹೀಗಾಗಿ ನಾರು ಕರಗುವುದಿಲ್ಲ.

ಸೀಸೆಯಲ್ಲಿರುವ ಪ್ರೊಟೀನು

ಇಷ್ಟೆಲ್ಲ ತಿಳಿಯಬೇಕಾದರೆ ಶುದ್ಧವಾದ ಟಿಂಪ್ ಕೈಗೆ ಸಿಗಬೇಕು. ಮನುಷ್ಯರ ಅಂಗಾಂಶದಿಂದ ಅದನ್ನು ಬೇರ್ಪಡಿಸುವುದು ಬಲು ಕಷ್ಟ. 1985ರಲ್ಲಿ ಟಿಂಪ್-1ರ ವಂಶವಾಹಿಯ ಪ್ರತಿಯನ್ನು ವಿಜ್ಞಾನಿಗಳು ಬೇರ್ಪಡಿಸಿದ ಮೇಲೆ ದಾರಿ ಸುಗಮವಾಯಿತು. ಆ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಜೀವಕೋಶದೊಳಗೆ ಸೇರಿಸಿದರೆ ಆ ಕೋಶ ಮಾನವ ಟಿಂಪನ್ನೇ ತಯಾರಿಸಿ ಹೊರಗೆ ಬಿಡುತ್ತದೆ. ಇಂಥದ್ದನ್ನು ರೀಕಾಂಬಿನೆಂಟ್ ಪ್ರೊಟೀನು ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಮಾನವ ಇನ್ಸುಲಿನ್ ಕೂಡ ಇದೇ ವಿಧಾನದ್ದು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ತನ್ನದೇ ಇನ್ಸುಲಿನ್ ಹೊರತಂದಿತು. ಮಕ್ಕಳಿಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆಯೂ ಹೀಗೆ ತಯಾರಾದದ್ದೇ.

ಇನ್ಸುಲಿನ್ ಔಷಧ, ರೀಕಾಂಬಿನೆಂಟ್ ಟಿಂಪ್ ಔಷಧವಲ್ಲ. ಸಣ್ಣ ಸೀಸೆಯ ತಳದಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಒಣಪುಡಿ. ತೂಕ ಮೈಕ್ರೋಗ್ರಾಂ ಲೆಕ್ಕದಲ್ಲಿ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ. ಅದನ್ನು ಕೊರೆಯುವ ಚಳಿಯ ಫ್ರೀಜರ್‌ನಲ್ಲಿ ಇಡಬೇಕು. ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡುವಂತಿಲ್ಲ ಎಂದು ಅದರ ಮೇಲೆ ಬರೆದಿರುತ್ತದೆ.

ಅದರ ಉಪಯೋಗ ಎರಡು. ಒಂದು, ಅಳತೆಗೋಲು. ರೋಗಿಯ ರಕ್ತದಲ್ಲೋ ಜೊಲ್ಲಿನಲ್ಲೋ ಎಷ್ಟು ಟಿಂಪ್ ಇದೆ ಎಂದು ಹೇಳಬೇಕಾದರೆ ತೂಕ ಗೊತ್ತಿರುವ ಟಿಂಪ್ ಜೊತೆ ಹೋಲಿಸಬೇಕು. ತಕ್ಕಡಿಗೆ ಕಲ್ಲು ಬೇಕಲ್ಲವೇ, ಹಾಗೆ. ಇನ್ನೊಂದು, ಪರೀಕ್ಷೆ. ಕೊಲ್ಲಾಜಿನೇಸ್ ಇರುವ ನಳಿಗೆಗೆ ಹನಿ ಹನಿಯಾಗಿ ಟಿಂಪ್ ಸೇರಿಸಿ ಕತ್ತರಿಸುವ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಬಾಯಿಯ ನಾರುಗಟ್ಟುವಿಕೆ ಮಾತ್ರವಲ್ಲ, ಯಕೃತ್ತಿನ ಸಿರೋಸಿಸ್, ಕೀಲುವಾತ, ಕ್ಯಾನ್ಸರ್ ಹರಡುವ ಬಗೆ ಇವನ್ನೆಲ್ಲ ತಿಳಿಯಲು ಈ ಪ್ರೊಟೀನು ನೆರವಾಗಿದೆ.

ಕ್ಯಾನ್ಸರ್ ಭಯ ಎಷ್ಟು?

ಬಾಯಿ ತೆರೆಯದಿರುವುದೇ ಒಂದು ಶಿಕ್ಷೆ. ಅದಕ್ಕಿಂತ ದೊಡ್ಡ ಭಯ ಕ್ಯಾನ್ಸರಿನದು. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಈ ಕಾಯಿಲೆಯ 66 ಮಂದಿಯನ್ನು 17 ವರ್ಷಗಳ ಕಾಲ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 7.6ರಷ್ಟು ಜನರಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು. ಹೆಚ್ಚುಕಡಿಮೆ ಹದಿಮೂರರಲ್ಲಿ ಒಬ್ಬರಿಗೆ.

ತಂಬಾಕು ಬೆರೆಸದ ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ತನ್ನ ಸಂಪುಟದಲ್ಲಿ ಹೇಳಿತು. ಅದೇ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಜಗತ್ತಿನಾದ್ಯಂತ ಸುಮಾರು 1,20,200 ಮಂದಿಯ ಬಾಯಿ ಕ್ಯಾನ್ಸರಿಗೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ. ಅವರಲ್ಲಿ ಸುಮಾರು 83,400 ಮಂದಿ ಭಾರತದವರು.

ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಎರಡಾಗಿ ಮಾರುವುದು ಶುರುವಾಯಿತು. ಕೊಂಡವನು ಅಂಗೈಯಲ್ಲಿ ಬೆರೆಸಿಕೊಂಡರೆ ಮತ್ತೆ ಅದೇ ಗುಟ್ಕಾ. ಇದರಲ್ಲಿ ತಂಬಾಕು ಕೈಬಿಟ್ಟು ಬರೀ ಮಸಾಲೆ ತಿಂದರೆ ಅಪಾಯವಿಲ್ಲ ಎಂದು ತಿಳಿದವರು ಅನೇಕರು. ಬಾಯಿ ಬಿಗಿಯುವುದು ತಂಬಾಕಿನಿಂದಲ್ಲ, ಅಡಿಕೆಯಿಂದ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಮೂರು ಬೆರಳಿನ ಪರೀಕ್ಷೆ

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ತೂರಿಸಿ. ತಮ್ಮದೇ ಮೂರು ಬೆರಳು ಸಲೀಸಾಗಿ ಹೋಗಬೇಕು. ಆರೋಗ್ಯವಂತ ವಯಸ್ಕರ ಬಾಯಿ ಸುಮಾರು 35ರಿಂದ 50 ಮಿಲಿಮೀಟರ್ ತೆರೆಯುತ್ತದೆ. ಎರಡೇ ಬೆರಳು ಹೋದರೆ ತಡಮಾಡದೆ ದಂತವೈದ್ಯರಿಗೆ ತೋರಿಸಿ. ಒಂದೇ ಬೆರಳು ಹೋದರೆ ಕಾಯಿಲೆ ಬಹಳ ಮುಂದುವರಿದಿದೆ ಎಂದರ್ಥ.

ಕನ್ನಡಿಯ ಮುಂದೆ ನಿಂತು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ನಾಲಿಗೆಯ ಕೆಳಭಾಗ ನೋಡಿಕೊಳ್ಳಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಕೆಂಪು ಅಥವಾ ಬಿಳಿ ಮಚ್ಚೆ, ಗಂಟು, ರಕ್ತ ಒಸರುವುದು ಇದ್ದರೆ ಅದೇ ವಾರ ವೈದ್ಯರನ್ನು ಕಾಣಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿಯ ತಪಾಸಣೆಯ ಕಾರ್ಯಕ್ರಮವಿದೆ. ದಾವಣಗೆರೆಯ ಬಾಪೂಜಿ ದಂತ ಮಹಾವಿದ್ಯಾಲಯದಂಥ ಕಡೆ ಪರಿಣತರು ಸಿಗುತ್ತಾರೆ. ಕ್ಯಾನ್ಸರಿನ ಅನುಮಾನವಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ.

ಬಾಯಿ ಬಿಗಿದವರಿಗೆ ಇನ್ನೊಂದು ಅಪಾಯವಿದೆ. ಅಪಘಾತವೋ ಅಪೆಂಡಿಸೈಟಿಸ್ಸೋ ಆಗಿ ತುರ್ತಾಗಿ ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆ ತಜ್ಞರು ಬಾಯಿಯ ಮೂಲಕ ಉಸಿರಿನ ಕೊಳವೆ ಹಾಕಬೇಕಾಗುತ್ತದೆ. ಬಾಯಿ ತೆರೆಯದಿದ್ದರೆ ಆ ಕೆಲಸ ಬಲು ಕಠಿಣ. ಇಂಥವರು ಯಾವ ಆಸ್ಪತ್ರೆಗೆ ಹೋದರೂ ಮೊದಲೇ ಈ ವಿಷಯ ಹೇಳಬೇಕು.

ಚಿಕಿತ್ಸೆ ಏನು?

ಮೊದಲನೆಯದು, ಎರಡನೆಯದು, ಮೂರನೆಯದು ಎಲ್ಲವೂ ಅಡಿಕೆ ಬಿಡುವುದೇ. ಉಳಿದದ್ದು ಆಮೇಲೆ. ಸ್ಟೀರಾಯ್ಡ್ ಮತ್ತು ಹಯಲುರೊನಿಡೇಸ್ ಎಂಬ ಕಿಣ್ವವನ್ನು ಕೆನ್ನೆಯೊಳಗೆ ಚುಚ್ಚುತ್ತಾರೆ. ಟೊಮೆಟೊ ಹಣ್ಣಿಗೆ ಕೆಂಪು ಕೊಡುವ ಲೈಕೊಪೀನ್ ಮಾತ್ರೆ, ಕಬ್ಬಿಣಾಂಶ, ಬಿ ಜೀವಸತ್ವ ಕೊಡುತ್ತಾರೆ. ಐಸ್‌ಕ್ರೀಮ್ ಕಡ್ಡಿಗಳನ್ನು ಹಲ್ಲಿನ ನಡುವೆ ಒಂದೊಂದಾಗಿ ಹೆಚ್ಚಿಸುತ್ತಾ ಬಾಯಿ ತೆರೆಯುವ ವ್ಯಾಯಾಮವನ್ನು ದಿನಕ್ಕೆ ಹಲವು ಬಾರಿ ಮಾಡಬೇಕು. ತೀರ ಬಿಗಿದವರಿಗೆ ನಾರನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯುಂಟು. ಆಮೇಲೂ ವ್ಯಾಯಾಮ ತಪ್ಪಿಸಿದರೆ ಬಾಯಿ ಮತ್ತೆ ಬಿಗಿಯುತ್ತದೆ. ಆರಂಭದ ಹಂತದಲ್ಲಿ ಬಿಟ್ಟವರಿಗೆ ಉರಿ ಕಡಿಮೆಯಾಗುತ್ತದೆ, ಕಾಯಿಲೆ ಮುಂದುವರಿಯುವುದು ನಿಲ್ಲುವ ಸಾಧ್ಯತೆ ಹೆಚ್ಚು. ಪೂರ್ತಿ ಮೊದಲಿನಂತಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಬಿಟ್ಟವರೂ ಆರು ತಿಂಗಳಿಗೊಮ್ಮೆಯಾದರೂ ಬಾಯಿ ತೋರಿಸುತ್ತಿರಬೇಕು.

ಕೆಲವು ಸಂಶಯಗಳು

ಟಿಂಪ್ ಪ್ರೊಟೀನನ್ನೇ ಔಷಧವಾಗಿ ಕೊಟ್ಟರೆ ವಾಸಿಯಾಗುವುದಿಲ್ಲವೇ?
ಇಲ್ಲ. ಈ ಕಾಯಿಲೆಯಲ್ಲಿ ಟಿಂಪ್ ಈಗಾಗಲೇ ಹೆಚ್ಚಾಗಿದೆ. ಇನ್ನಷ್ಟು ಸೇರಿಸುವುದು ಬಿಗಿದ ತೂಬಿಗೆ ಇನ್ನೊಂದು ಬಿರಡೆ ಬಡಿದಂತೆ.

ಹಾಗಾದರೆ ಟಿಂಪನ್ನು ಕಡಿಮೆ ಮಾಡುವ ಔಷಧ?
ಬಾಯಿಯಲ್ಲಿ ಮಾತ್ರ ಕಡಿಮೆ ಮಾಡಿ ಉಳಿದ ಕಡೆ ಹಾಗೆಯೇ ಬಿಡುವುದು ಸುಲಭವಲ್ಲ. ಈ ತೂಗಾಟ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಉದಾಹರಣೆಯಿದೆ. 1990ರ ದಶಕದಲ್ಲಿ ಕ್ಯಾನ್ಸರ್ ಹರಡದಿರಲೆಂದು ಕೊಲ್ಲಾಜಿನೇಸ್ ಕುಟುಂಬವನ್ನೇ ತಡೆಯುವ ಮಾರಿಮಾಸ್ಟಾಟ್ ಎಂಬ ಗುಳಿಗೆಯನ್ನು ರೋಗಿಗಳ ಮೇಲೆ ಪ್ರಯೋಗಿಸಿದರು. ನಿರೀಕ್ಷಿಸಿದ ಪ್ರಯೋಜನ ಸಿಗಲಿಲ್ಲ. ಅನೇಕರಿಗೆ ಕೀಲುನೋವು, ಕೀಲು ಬಿಗಿತ ಬಂದವು.

ಊಟದ ನಂತರ ಒಂದು ಎಲೆ ಅಡಿಕೆ ಹಾಕಿಕೊಳ್ಳುವ ನಮ್ಮ ಅಜ್ಜನಿಗೆ ಏನೂ ಆಗಲಿಲ್ಲವಲ್ಲ?
ಎಷ್ಟು, ಎಷ್ಟು ಬಾರಿ, ಎಷ್ಟು ವರ್ಷ ಎಂಬುದು ಮುಖ್ಯ. ಪೊಟ್ಟಣದ ಒಣಪುಡಿ ತಿನ್ನುವವರಲ್ಲಿ ಕಾಯಿಲೆ ಎಲೆಯಡಿಕೆಯವರಿಗಿಂತ ಬೇಗ ಬರುವುದು ಕಂಡುಬಂದಿದೆ. ಹಾಗೆಂದು ಎಲೆಯಡಿಕೆ ನಿರಪಾಯ ಎಂದಲ್ಲ. ಅಜ್ಜನಿಗೆ ಆಗದ್ದು ಮೊಮ್ಮಗನಿಗೆ ಆಗಬಾರದೆಂಬ ನಿಯಮವೇನೂ ಇಲ್ಲ.

ಅಡಿಕೆ ಸುಲಿಯುವವರಿಗೆ, ಒಣಗಿಸುವವರಿಗೆ ಈ ಕಾಯಿಲೆ ಬರುತ್ತದೆಯೇ?
ಮುಟ್ಟುವುದರಿಂದ ಬಾಯಿ ಬಿಗಿಯುವುದಿಲ್ಲ. ಸುಲಿಯುತ್ತಾ ಸುಲಿಯುತ್ತಾ ಒಂದು ಹೋಳನ್ನು ದವಡೆಗೆ ಇಟ್ಟುಕೊಳ್ಳುವ ರೂಢಿಯಿಂದ ಬರುತ್ತದೆ. ಸುಗ್ಗಿಯಲ್ಲಿ ಸುಲಿಯಲು ಬರುವ ಹೆಂಗಸರು ಇದನ್ನು ವಿಶೇಷವಾಗಿ ಗಮನಿಸಬೇಕು. ಪಕ್ಕದಲ್ಲಿ ಆಡುತ್ತಿರುವ ಮಕ್ಕಳ ಕೈಗೆ ಹಸಿ ಅಡಿಕೆ ಕೊಡಲೇಬಾರದು.

ಬಿಡಲು ಆಗುತ್ತಿಲ್ಲ, ಏನು ಮಾಡಲಿ?
ಒಂದು ದಿನ ಗೊತ್ತುಮಾಡಿ ಬಿಡಿ, ಮನೆಯವರಿಗೆ ಹೇಳಿ ಬಿಡಿ. ಮೊದಲ ಒಂದೆರಡು ವಾರ ತಲೆನೋವು, ಸಿಡುಕು, ನಿದ್ದೆಗೇಡು ಇರಬಹುದು, ಆಮೇಲೆ ಇಳಿಯುತ್ತದೆ. ಬಾಯಿ ಬಯಸಿದಾಗ ಲವಂಗ, ಸೋಂಪು ಅಥವಾ ಏಲಕ್ಕಿ ಇಟ್ಟುಕೊಳ್ಳಿ. ಉರಿ ಇರುವವರಿಗೆ ಸೋಂಪೇ ವಾಸಿ. ತಂಬಾಕು ಕೂಡಿದ ಚಟವಾದರೆ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಶುಲ್ಕವಿಲ್ಲದೆ ಕರೆ ಮಾಡಬಹುದು.

ಈ ತಾಲ್ಲೂಕಿನ ತೋಟದವರಿಗೆ ಕೊನೆಯದಾಗಿ ಒಂದು ಮಾತು. ಬೆಲೆ, ಖೇಣಿ, ಮಂಡಿಯ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತೋಟ ಕಡಿಯಿರಿ ಎಂದು ಹೇಳುವ ಅಧಿಕಾರ ಈ ವೈದ್ಯನಿಗಿಲ್ಲ. ಆದರೆ ತೋಟವನ್ನು ನೋಡಿಕೊಳ್ಳಬೇಕಾದ ಮಗ ಇಪ್ಪತ್ತೆಂಟಕ್ಕೇ ರಾಗಿಗಂಜಿ ಹೀರಿಕೊಂಡು ಬದುಕುವಂತಾದರೆ ಆ ತೋಟದ ಫಸಲು ಯಾರಿಗೆ? ಇಂದು ರಾತ್ರಿ ಊಟಕ್ಕೆ ಮೊದಲು ಮನೆಯವರೆಲ್ಲ ಕುಳಿತು ಮೂರು ಬೆರಳಿನ ಪರೀಕ್ಷೆ ಮಾಡಿಕೊಳ್ಳಿ. ಖರ್ಚಿಲ್ಲ, ನೋವಿಲ್ಲ. ಮೂರನೆಯ ಬೆರಳು ಹೋಗದವರು ಬೆಳಗಾದೊಡನೆ ವೈದ್ಯರ ಬಳಿ ಹೊರಡಿ.